ಅಮಾವಾಸ್ಯೆಯ ದಿನ ಹಿಂದೆ ಬಿದ್ದ ಚಾರ್ಟು

"ಮೇಡಂ, ಒಂದ ಮಾತು ಖರೇ ಹೇಳ್ರಿ. ಕುಮಾರಣ್ಣನ್ನ ಕೊಂದಾಕಿ ನಾನ ಏನ್ರಿ?"

ಚಹಾದ ಕಪ್ಪು ಹನುಮೇಶರ ಕೈಯಲ್ಲೇ ನಿಂತಿತು. ಅಂಚೆ ಇಲಾಖೆಯಿಂದ ನಿವೃತ್ತರಾದ ಮೇಲೆ ಅವರು ಕೇಶ್ವಾಪುರದ ಈ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಕೆಳಗೆ ಮನೆಯೊಡತಿ ಜಯಮಾಲಾ, ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಕಳುವಾಗಲಿ, ಸುಳ್ಳು ಸಹಿಯಾಗಲಿ, ಓಣಿಯ ಮಂದಿ ಪೊಲೀಸ್ ಠಾಣೆಗಿಂತ ಮೊದಲು ಈ ಬಾಗಿಲು ಬಡಿಯುತ್ತಿದ್ದರು. ಗೊಣಗುತ್ತಲೇ ಚಪ್ಪಲಿ ಮೆಟ್ಟಿಕೊಂಡು ಹನುಮೇಶರೂ ಹಿಂದೆ ಹೊರಡುತ್ತಿದ್ದರು. ಆದರೆ ಕೊಲೆಯ ಆರೋಪವನ್ನು ತನ್ನ ಮೇಲೆ ತಾನೇ ಹೊರಿಸಿಕೊಂಡು ಬಂದವರನ್ನು ಅವರು ಇದುವರೆಗೆ ಕಂಡಿರಲಿಲ್ಲ.

ಬಂದವಳು ಸ್ನೇಹಲ್. ನಿವೃತ್ತ ಹೆಡ್‌ಮಾಸ್ತರ ಮಹಾದೇವಪ್ಪನವರ ಮಗಳು. ಶೇರು ವ್ಯಾಪಾರ ಮಾಡುವವರಿಗೆ ಕಂಪ್ಯೂಟರು, ಸಾಫ್ಟ್‌ವೇರು ಜೋಡಿಸಿಕೊಡುವುದು ಅವಳ ಕೆಲಸ. ಪಕ್ಕದ ಓಣಿಯ ಹತ್ತಿ ವ್ಯಾಪಾರಿ ಶಾಂತಯ್ಯನವರ ಒಬ್ಬನೇ ಮಗ ಕುಮಾರಸ್ವಾಮಿ ಹೋದ ವಾರ ಕಂಪ್ಯೂಟರಿನ ಮುಂದೆ ಕೂತಲ್ಲೇ ಎದೆ ಒಡೆದು ಸತ್ತಿದ್ದ.

"ಮೊದಲಿಂದ ಹೇಳವಾ," ಎಂದರು ಜಯಮಾಲಾ.

"ಕುಮಾರಣ್ಣ ಮುಂಜಾನೆ ಶೇರು ತಗೊಂಡು ಮಧ್ಯಾಹ್ನದೊಳಗ ಮಾರತಿದ್ದರಿ. ಅಂಥವರಿಗೆ ರೇಟು ಆಗಿಂದಾಗ ಕಾಣಬೇಕು. ಚಾರ್ಟಿನ ಗೆರಿ ಚೂರು ತಡಾ ಆದ್ರೂ ಕಣ್ಣು ಕಟ್ಟಿ ಗಾಡಿ ಹೊಡದಂಗ. ಎರಡು ಸಾಫ್ಟ್‌ವೇರ್ ನೋಡಿದ್ವಿ. ಒಂದು ದುಬಾರಿ, ಪ್ರತಿಯೊಂದು ವ್ಯವಹಾರಾನೂ ಆದಕೂಡಲೆ ತೋರಸ್ತೈತಿ. ಇನ್ನೊಂದು ಅಗ್ಗ, ನಡುನಡುವ ಕೂಡಿಸಿ ಒಮ್ಮೆ ತೋರಸ್ತೈತಿ. 'ಎರಡೂ ಬಾಜೂಕ ಬಾಜೂಕ ಓಡಿಸಿ ಯಾವದು ಛಲೋ ಹೇಳು. ಆಮ್ಯಾಲೆ ಹತ್ತಿ ಅಂಗಡಿ ಮಾರಿ ಪೂರಾ ಇದರಾಗ ಇಳೀತೇನಿ' ಅಂದ. ಅಮಾವಾಸಿ ದಿನ ಎರಡು ಕಂಪ್ಯೂಟರಿನಾಗ ಹಚ್ಚಿದೆ. ಅಗ್ಗದ್ದು ಮುಂದ ಓಡ್ತು. ದುಬಾರಿದು ತಡವರಸಾಕತ್ತಿತು. ಮಧ್ಯಾಹ್ನ ಊಟಕ್ಕ ಏಳೂಮುಂದ ಕಣ್ಣಿಲೆ ಕಂಡದ್ದ ಹೇಳಿದೆ, ಅಗ್ಗದ್ದ ತಗೋ ಅಂತ."

ಉಳಿದದ್ದನ್ನು ಅವಳು ತಲೆ ತಗ್ಗಿಸಿ ಹೇಳಿದಳು. ಹೋದ ವಾರ ಮಾರುಕಟ್ಟೆ ಒಮ್ಮೆಲೇ ಕುಸಿದಾಗ ಆ ಅಗ್ಗದ ಚಾರ್ಟು ಹಳೆಯ ದರ ತೋರಿಸುತ್ತ ನಿಂತುಬಿಟ್ಟಿತ್ತು. ದರ ಇನ್ನೂ ಗಟ್ಟಿಯಾಗಿದೆಯೆಂದು ಕುಮಾರಸ್ವಾಮಿ ಇದ್ದದ್ದನ್ನೆಲ್ಲ ಹಾಕಿ ಕೊಂಡ. ಗೆರೆ ಕೆಳಗಿಳಿದು ಕಾಣುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ನಾ ಕಮಿಷನ್ ತಿಂದು ಅಗ್ಗದ್ದ ಹೇಳೇನಿ ಅಂತ ಅವರವ್ವ ಇವತ್ತ ಸಂಜಿಗೆ ಪೊಲೀಸರಿಗೆ ಕಂಪ್ಲೇಂಟ್ ಕೊಡತಾರಂತ. ನಮ್ಮಪ್ಪ ಹೊರಗ ಮಾರಿ ತೋರಸವಲ್ಲ. ಬರ್ಲಿ ಪೊಲೀಸರು, ಅಂಜೂದಿಲ್ಲ. ಆದ್ರ ನಾ ತಪ್ಪು ಹೇಳಿ ಅವನ್ನ ಕೊಂದ್ನೇನು? ಅದು ಗೊತ್ತಾಗಲಾರದ ತುತ್ತು ಇಳೀವಲ್ದು ಮೇಡಂ."

ಮುಗಿದ ಜೀವ ಮುಗಿಯಿತು, ಈಗ ಈ ಹುಡುಗಿಯದೂ ಮುಗಿಯುತ್ತಿದೆಯಲ್ಲ ಎಂದು ಹನುಮೇಶರಿಗೆ ಅನಿಸಿತು. "ಏಳ್ರಿ ಜಯಮಾಲಾಬಾಯಾರ, ಹೋಗೂಣು," ಎಂದು ಈ ಸಲ ಗೊಣಗದೆ ತಾವೇ ಮೊದಲು ಎದ್ದರು.

ಶಾಂತಯ್ಯನವರ ಮನೆಯಲ್ಲಿ ಸ್ನೇಹಲ್‌ಳನ್ನು ಕಂಡದ್ದೇ ತಡ, ಕುಮಾರಸ್ವಾಮಿಯ ತಾಯಿ ಶಿವಲಿಂಗವ್ವ ಭುಗಿಲೆದ್ದರು. "ಇಕೀನ್ಯಾಕ ಕರಕೊಂಡು ಬಂದ್ರಿ? ನನ್ನ ಮನಿ ದೀಪಾ ಆರಿಸಿದಾಕಿ! ನಿನ್ನ ಮನಿ ಹಾಳಾಗ್ಲಿ!" ಶಾಂತಯ್ಯ ಮಂಚದ ಮೇಲೆ ಗೋಡೆಗೆ ಆನಿಸಿ ಕೂತಿದ್ದರು. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಕಣ್ಣು ನೆಲದ ಮೇಲೆ. "ಬಿಡು, ಅಕೀನೂ ಸಣ್ಣಾಕಿ," ಎಂದರು ಮೆಲ್ಲಗೆ. ಎಂಥ ದೊಡ್ಡ ಮನಸ್ಸು ಎಂದು ಹನುಮೇಶರಿಗೆ ಅನಿಸಿತು.

ಕುಮಾರಸ್ವಾಮಿಯ ಕೋಣೆ ಮಹಡಿಯಲ್ಲಿತ್ತು. ಎರಡು ಕಂಪ್ಯೂಟರುಗಳೂ ಗೋಡೆಗೆ ಅಂಟಿ ಇದ್ದಂತೆಯೇ ಇದ್ದವು. ದುಬಾರಿ ಸಾಫ್ಟ್‌ವೇರಿನ ಪುಕ್ಕಟೆ ಅವಧಿ ಇನ್ನೂ ಮುಗಿದಿರಲಿಲ್ಲ. "ಅವತ್ತಿನಂಗ ಎರಡೂ ಹಚ್ಚು," ಎಂದರು ಜಯಮಾಲಾ.

ಹಚ್ಚಿದಳು. ದುಬಾರಿಯ ಗೆರೆ ಸರಸರ ಓಡಿತು. ಅಗ್ಗದ್ದು ನಿಂತು ನಿಂತು ಅದನ್ನು ಹಿಂಬಾಲಿಸಿತು. ಸ್ನೇಹಲ್‌ಳ ಮುಖ ಬಿಳಿಚಿತು.

"ಅಯ್ಯೋ! ಅವತ್ತು ಉಲ್ಟಾ ಇತ್ರಿ!"

"ನೆಟ್ ಹೆಂಗ ಬರತೈತಿ?"

"ಎರಡಕ್ಕೂ ಬ್ಯಾರೆ ಬ್ಯಾರೆ ವಾಯರ್ ಅದಾವ್ರಿ, ಅಮಾವಾಸಿ ಹಿಂದಿನ ದಿನಾನ ಹೊಸಾವು ಹಾಕಿಸಿದ್ವಿ. ವಾಯರ್ ತಗದ್ರ ಕಂಪ್ಯೂಟರ್ ತಾನ ಕೆಳಗಿನ ಮನ್ಯಾಗಿನ ವೈಫೈ ಹಿಡೀತೈತಿ. ಅದು ಇಲ್ಲೀತನಕ ಭಾಳ ಸಣ್ಣಗ ಬರತೈತಿ, ಚಾರ್ಟ್ ಕುಂಟತೈತಿ. ಶಾಂತಯ್ಯ ಅಜ್ಜಾರೂ ಒಮ್ಮೆ ಇದೆಲ್ಲಾ ಕೇಳಿದ್ರು, ತಿಳಿಸಿ ಹೇಳಿದ್ದೆ."

"ಮತ್ತ ಅವತ್ತು ಹಿಂದಿನ ವಾಯರ್ ನೋಡ್ಲಿಲ್ಲೇನು?"

"ನೋಡಾಕ ಹೋಗಿದ್ದೆ. ಅಮಾವಾಸಿ ಪೂಜಾ ಆಗಿತ್ರಿ, ಹಿಂದೆಲ್ಲಾ ಹೂವಿನ ಮಾಲಿ. 'ಪೂಜಾ ಮಾಡಿದ್ದು ಹೂವು ತಗಿಯೂತನಾ ಮುಟ್ಟಬಾರದವಾ' ಅಂದ್ರು ಅಜ್ಜಾರು. ಅವರ ಮನಿ ದೇವರ ಪೂಜಾ, ನಮ್ಮಂಥವರು ಹೆಂಗ ಕೈ ಹಚ್ಚೂದು? ಸುಮ್ಮನಾದೆ."

ತಕ್ಕಡಿ ಪೂಜಿಸುವ ಮನೆ ಅದು. ಪರದೆಯ ಮೇಲೆ ಬೂದಿ ಬಳಿಯಬೇಡವೆಂದು ಮಗ ಬೇಡಿಕೊಂಡ ಮೇಲೆ, ರೇಟು ಒಳಗೆ ಬರುವ ಬಾಯಿಗೇ ಪೂಜೆಯೆಂದು ಶಾಂತಯ್ಯ ಪ್ರತಿ ಅಮಾವಾಸ್ಯೆಗೂ ಹಿಂದೆ ವಾಯರು ಸಿಕ್ಕಿಸಿದ ಜಾಗಕ್ಕೆ ವಿಭೂತಿ ಹಚ್ಚುತ್ತಿದ್ದರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದಾಗ ಹೂವು ತೆಗೆಯಲು ಮೇಲೆ ಬರುತ್ತಿದ್ದವರೂ ಅವರೊಬ್ಬರೇ.

ಜಯಮಾಲಾ ಕೆಳಗಿಳಿದು ಕೇಳಿದರು. "ಯಜಮಾನ್ರ, ಅವತ್ತು ಪೂಜಾ ಮಾಡೂಮುಂದ ವಾಯರ್ ಎಲ್ಲಾ ಜಾಗಾದಾಗ ಇದ್ದವೇನ್ರಿ?"

"ಎಲ್ಲಾ ಬರೋಬ್ಬರಿ ಇದ್ದವ್ರಿ. ವಾಯರಿನ ಮ್ಯಾಲೆ ನನ್ನ ಕೈಲೇನ ಈಬತ್ತಿ ಹಚ್ಚೇನಿ."

ಮತ್ತೆ ಮಹಡಿ ಹತ್ತಿದ ಜಯಮಾಲಾ ಟಾರ್ಚು ಹಿಡಿದು ಎರಡೂ ಕಂಪ್ಯೂಟರುಗಳ ಹಿಂಭಾಗ ನೋಡಿದರು. ಅಗ್ಗದ್ದಿದ್ದ ಕಂಪ್ಯೂಟರಿನ ವಾಯರಿನ ಮೇಲೆ ಒಣಗಿದ ವಿಭೂತಿಯಿತ್ತು. ಅದನ್ನು ಎಳೆದಾಗ ಒಳಗಿನ ತೂತು ಸ್ವಚ್ಛವಾಗಿತ್ತು. ಇನ್ನೊಂದರ ವಾಯರು ಸ್ವಚ್ಛವಾಗಿತ್ತು. ಅದನ್ನು ಎಳೆದಾಗ ತೂತಿನೊಳಗೆ ಬಿಳಿ ಬೂದಿ ಕಂಡಿತು. ಹನುಮೇಶರೂ ಬಗ್ಗಿ ನೋಡಿದರು, ಆದರೆ ತಲೆಬುಡ ತಿಳಿಯಲಿಲ್ಲ. ಜಯಮಾಲಾರ ಮುಖ ಮಾತ್ರ ಒಮ್ಮೆಲೇ ಮುದಿಯಾಯಿತು.

"ಇಸ್ತಿಯಾಕನ್ನ ಕರಸ್ರಿ ಹನುಮೇಶ. ಮಹಾದೇವಪ್ಪ ಮಾಸ್ತರನ್ನೂ," ಎಂದರು.

ಇಸ್ತಿಯಾಕ ಆ ಅಗ್ಗದ ಸಾಫ್ಟ್‌ವೇರಿನ ಏಜೆಂಟ್. ದುರ್ಗದಬೈಲಿನಲ್ಲಿ ಅವನ ಮೊಬೈಲ್ ಅಂಗಡಿ. ಸಂಜೆಯೊಳಗೆ ಎಲ್ಲರೂ ಶಾಂತಯ್ಯನವರ ಪಡಸಾಲೆಯಲ್ಲಿ ಸೇರಿದರು. ಮಹಾದೇವಪ್ಪನವರು ಬಾಗಿಲ ಬಳಿಯೇ ಮಗಳ ಪಕ್ಕ ನಿಂತರು. ಕೂಡ್ರಿ ಎಂದು ಯಾರೂ ಅನ್ನಲಿಲ್ಲ.

"ಇಸ್ತಿಯಾಕ, ನೀ ಏನು ಹೇಳಿ ಮಾರಿದಿ?" ಕೇಳಿದರು ಜಯಮಾಲಾ.

"ಅಲ್ಲಾನ ಆಣೆ ಮೇಡಂ, ಹಿಂದಿನ ದಿನ ಹಾಕಿಕೊಡೂಮುಂದ ಅಜ್ಜಾರ ಎದುರಿಗೇ ಹೇಳೇನಿ. ಇದು ನಿಧಾನ ಐತಿ, ಮನ್ಯಾಗ ಕುಂತು ಸುಮ್ನ ನೋಡಾವ್ರಿಗೆ ನಡೀತೈತಿ, ಕುಮಾರಣ್ಣನ ಆಟಕ್ಕ ಪೆಟ್ಟು ಬೀಳತೈತಿ ಅಂತ. ಕಮಿಷನ್ ಕೊಡಾಕ ನನಗ ಸಿಗೂದರ ಎಷ್ಟು?"

"ಮಾಲು ಮಾರಾವನ ನಿಧಾನ ಐತಿ ಅಂದ," ಎಂದರು ಜಯಮಾಲಾ. " ಇವತ್ತೂ ಅದು ಹಿಂದನ ಬಿತ್ತು. ಅಂದ್ರ ಅಮಾವಾಸಿ ದಿನ ಯಾರೋ ದುಬಾರಿದರ ವಾಯರ್ ಕಿತ್ತಿದ್ರು. ಅದಕ್ಕ ಅದು ಕೆಳಗಿನ ವೈಫೈ ಹಿಡದು ಕುಂಟಿತು. ಯಾವಾಗ ಕಿತ್ತದ್ದು? ಈಬತ್ತಿ ಹೇಳತೈತಿ. ಒಂದು ಕಂಪ್ಯೂಟರಿಗೆ ಈಬತ್ತಿ ವಾಯರಿನ ಮ್ಯಾಲೆ ಐತಿ. ಇನ್ನೊಂದಕ್ಕ ತೂತಿನ ಒಳಗ ಐತಿ. ಅಂದ್ರ ಪೂಜಾ ಆಗೂಮುಂದ ಅಲ್ಲಿ ವಾಯರ್ ಇರಲಿಲ್ಲ."

ಹನುಮೇಶರಿಗೆ ಆಗ ಬೆಳಕಾಯಿತು. ಆದರೂ ಒಂದು ಆಸೆಗೆ, "ಹಿಂದಿನ ದಿನ ಇಸ್ತಿಯಾಕನ ಕೈ ತಪ್ಪಿರಬೇಕಲ್ರಿ?" ಎಂದರು.

"ಹಂಗಾಗಿದ್ರ ಯಜಮಾನ್ರು 'ಒಂದು ವಾಯರ್ ಬಿಚ್ಚಿತ್ತು' ಅಂತಿದ್ರು. ಎಲ್ಲಾ ಬರೋಬ್ಬರಿ ಇದ್ದವು ಅಂದ್ರು. ಮತ್ತ ವಾಪಸ್ ಸಿಗಿಸಿದಾವ್ರು ಯಾರು? ಇಸ್ತಿಯಾಕ ಆ ದಿನ ಇತ್ತಾಗ ಬಂದಿಲ್ಲ. ಸ್ನೇಹಲ್ ಹಿಂದ ನೋಡಾಕ ಹೋದ್ರ ಬ್ಯಾಡ ಅಂದಾವ್ರು ಯಜಮಾನ್ರು. ಮಧ್ಯಾಹ್ನ ಹೂವು ತಗಿಯಾಕ ಒಬ್ಬರ ಮ್ಯಾಲೆ ಹೋದಾವ್ರೂ ಅವರ." ಜಯಮಾಲಾ ತಡೆದು, ದನಿ ತಗ್ಗಿಸಿದರು. "ಶಾಂತಯ್ಯನವರ, ವಾಯರ್ ಕಿತ್ತ ಮ್ಯಾಲೂ ಪೂಜಾ ಬಿಡಾಕ ನಿಮಗ ಮನಸ್ಸು ಬರಲಿಲ್ಲ, ಅಲ್ಲೇನ್ರಿ?"

ಶಾಂತಯ್ಯ ಹೌದೆಂದು ತಲೆಯಾಡಿಸಿದರು.

"ಅಜ್ಜನ ಕಾಲದ ಅಂಗಡಿ ಮಾರತೇನಿ ಅಂದ ನನ್ನ ಮಗಾ. ಮಾತು ಕೇಳಲಿಲ್ಲ. ಈ ಹುಡುಗಿ ಛಲೋದ್ದು ತೋರಿಸಿದ್ರ ಪೂರಾ ಹೊಂಟ್ಹೋಗತಾನ ಅನಿಸ್ತು. ಹುಳುಕಿದ್ದ ಸಿಗಲಿ, ಒಮ್ಮೆ ಕೈ ಸುಟ್ಕೊಳ್ಳಿ, ಬಂದು ನನ್ನ ಬಾಜೂ ಗಾದಿ ಮ್ಯಾಲೆ ಕೂಡತಾನ ಅಂದ್ಕೊಂಡೆ. ಜೀವಾ ಹೋಗತೈತಿ ಅಂತ ನನಗೇನು ಗೊತ್ತವಾ! ಶಿವನೇ, ಗೊತ್ತಿರಲಿಲ್ಲ ನನಗ!"

ಹಣೆ ಹಣೆ ಬಡಿದುಕೊಂಡರು. ಹಿಡಿಯಲು ಯಾರೂ ಏಳಲಿಲ್ಲ. ಬೆಳಿಗ್ಗೆ ಇದೇ ಮನುಷ್ಯನನ್ನು ಮನಸ್ಸಿನಲ್ಲೇ ಹೊಗಳಿದ್ದಕ್ಕೆ ಹನುಮೇಶರಿಗೆ ತಮ್ಮ ಮೇಲೆಯೇ ಸಿಟ್ಟು ಬಂತು. ಕಳ್ಳ ಸಿಕ್ಕಾಗ ಆಗುವ ಹಗುರ ಈ ಸಲ ಎಳ್ಳಷ್ಟೂ ಇರಲಿಲ್ಲ.

ಶಿವಲಿಂಗವ್ವ ಎದ್ದು ಬಾಗಿಲ ತನಕ ಬಂದರು. ಸ್ನೇಹಲ್‌ಳ ಎರಡೂ ಕೈ ಹಿಡಿದು, "ನಿನಗ ಅಂದ ನನ್ನ ಬಾಯಾಗ ಹುಳಾ ಬೀಳ್ಲಿ ತಂಗಿ," ಎಂದರು.

ಸ್ನೇಹಲ್ ಬಿಕ್ಕಿದಳು. "ಹಂಗನಬ್ಯಾಡ್ರಿ ಆಯಿ. ಚಾರ್ಟ್ ಕುಂಟೂದು ನನ್ನ ಕಣ್ಣಿಗೆ ಕಂಡಿತ್ತು. ಆ ಹೂವು ಸರಿಸಿ ಒಮ್ಮೆ ಕೈ ಹಾಕಿದ್ರ ಸಾಕಿತ್ತು. ಅಂಜಿ ಬಿಟ್ಟೆ. ನನಗ ಇನ್ನೂ ಊಟ ಸೇರೂದಿಲ್ರಿ." ಮಹಾದೇವಪ್ಪನವರು ಮಗಳ ಬೆನ್ನ ಮೇಲೆ ಕೈಯಿಟ್ಟರು.

ಶಿವಲಿಂಗವ್ವ ಒಳಗೆ ಹೋಗಿ ಅಂಗಡಿಯ ಕೀಲಿ ತಂದು ಗಂಡನ ಮಡಿಲಿಗೆ ಹಾಕಿದರು. ಅವರ ಕಣ್ಣಲ್ಲಿ ನೀರಿರಲಿಲ್ಲ.

"ಏಳ್ರಿ. ನಾಳೆ ಅಂಗಡಿ ತಗೀರಿ. ಉಳಿಸಿಕೊಂಡೀರಲ್ಲ, ಹೋಗಿ ಕೂಡ್ರಿ. ಸಂಜಿತನಾ ಕೂಡ್ರಿ. ದಿನಾ ಹೋಗಿ ಕೂಡ್ರಿ."