ಕೊನೆಯ ಮೂರು ಅಂಕಿಗಳು

"ನಿಮ್ಮ ಕಂಪೈಲರ್ ಸುಳ್ಳು ಹೇಳ್ತಿದೆ!"

ಮೇಜಿನ ಮೇಲೆ ಧೊಪ್ಪನೆ ಬಿದ್ದ ಕಾಗದದ ಕಂತೆಗೆ ಥೋರಾ ನೆಸ್ಟಾಡಳ ಕಾಫಿ ಲೋಟ ನಡುಗಿತು. ಅವಳು ತಲೆಯೆತ್ತಿದಳು. ಎದುರಿಗೆ ಎತ್ತರದ ಗಂಡಸು. ಕೋಟಿನ ಹೆಗಲ ಮೇಲೆ ಇನ್ನೂ ಕರಗದ ಹಿಮ, ಕಣ್ಣುಗಳಲ್ಲಿ ಕೆಂಡ!

"ಬಾಗಿಲು ತಟ್ಟೋ ಅಭ್ಯಾಸ ಡುಲೂತ್‌ನಲ್ಲಿ ಇಲ್ವೇನ್ರೀ?"

"ಮೊದಲು ಕೊನೆಯ ಮೂರು ಅಂಕಿ ನೋಡಿ. ನಮ್ಮ ಹಳೇ ಯಂತ್ರದಲ್ಲಿ ನಾಲ್ಕು, ಒಂದು, ಏಳು. ನಿಮ್ಮದರಲ್ಲಿ ನಾಲ್ಕು, ಎರಡು, ಎರಡು. ಅದೇ ಪ್ರೋಗ್ರಾಮ್, ಅದೇ ಸರೋವರ, ಅದೇ ಗಾಳಿ!"

ಕ್ಯಾಸ್ಪರ್ ಡುಡೆಕ್ ಡುಲೂತ್ ಬಂದರಿನಲ್ಲಿ ಸುಪೀರಿಯರ್ ಸರೋವರದ ಅಲೆಗಳನ್ನು ಲೆಕ್ಕ ಹಾಕಿ ಅದಿರಿನ ಹಡಗುಗಳಿಗೆ ಮುನ್ಸೂಚನೆ ಕೊಡುವವನು. ವಿಸ್ಕಾನ್ಸಿನ್‌ನ ಈ ಪುಟ್ಟ ಕಂಪನಿ ಕಟ್ಟಿದ ಅರವತ್ತನಾಲ್ಕು ಪ್ರೊಸೆಸರ್‌ಗಳ ಯಂತ್ರವನ್ನು ಪರೀಕ್ಷಿಸಲು ಬಂದಿದ್ದ. ಒಂದೇ ಪ್ರೊಸೆಸರ್‌ಗಾಗಿ ಬರೆದ ಪ್ರೋಗ್ರಾಮನ್ನು ಆ ಅರವತ್ತನಾಲ್ಕಕ್ಕೂ ಹಂಚಿಕೊಡುವ ಕಂಪೈಲರ್ ಥೋರಾಳದು. ಅವಳ ನಾಲ್ಕು ವರ್ಷಗಳ ಬದುಕು ಅದರೊಳಗಿತ್ತು.

ಕೊಳ್ಳುವವರ ಷರತ್ತು ಒಂದೇ: ಹಳೆಯ ಉತ್ತರಕ್ಕೂ ಹೊಸ ಉತ್ತರಕ್ಕೂ ಕೊನೆಯ ಅಂಕಿಯವರೆಗೆ ಹೊಂದಿಕೆಯಾಗಬೇಕು. ತೀರ್ಮಾನ ಮುಂದಿನ ವಾರ, ಶುಕ್ರವಾರ.

"ಸುಳ್ಳಲ್ಲ. ಕೂಡೋ ಕ್ರಮ ಬೇರೆ, ಅಷ್ಟೇ," ಎಂದಳು ಥೋರಾ.

"ಕ್ರಮ ಬದಲಾದ್ರೆ ಮೊತ್ತ ಬದಲಾಗತ್ತಾ? ಮೂರನೇ ಕ್ಲಾಸಿನ ಮಕ್ಕಳನ್ನ ಕೇಳಿ, ನಗ್ತಾರೆ."

"ಆ ಮಕ್ಕಳು ಕಂಪ್ಯೂಟರ್ ಅಲ್ವಲ್ಲ! ನಮ್ಮಪ್ಪ ಧಾನ್ಯದ ಗೋದಾಮಿನಲ್ಲಿ ತೂಕದವರು. ಒಂದು ಲಾರಿ ಜೋಳದ ಮೇಲೆ ಒಂದೊಂದೇ ಕಾಳು ಹಾಕ್ತಾ, ಪ್ರತಿ ಸಲ ತೂಕ ಬರ್ಕೊಳ್ಳಿ. ಮುಳ್ಳು ಅಲುಗಾಡಲ್ಲ, ಅಷ್ಟೂ ಕಾಳು ಲೆಕ್ಕಕ್ಕೇ ಬರಲ್ಲ. ಅವನ್ನೇ ಮೊದಲು ಚೀಲಕ್ಕೆ ತುಂಬಿ ಹಾಕಿ... ಆಗ ನೋಡಿ! ಯಂತ್ರಾನೂ ಹಾಗೇ, ದೊಡ್ಡ ಸಂಖ್ಯೆ ಪಕ್ಕ ಚಿಕ್ಕದು ಕಳೆದುಹೋಗತ್ತೆ. ನನ್ನ ಅರವತ್ತನಾಲ್ಕು ಪ್ರೊಸೆಸರ್‌ಗಳು ಅರವತ್ತನಾಲ್ಕು ಚೀಲ ತುಂಬ್ತವೆ."

ಕ್ಯಾಸ್ಪರ್ ಕಾಗದದ ಕಂತೆಯನ್ನು ತನ್ನತ್ತ ಎಳೆದುಕೊಂಡ. ಬಳಿಕ ತಗ್ಗಿದ ದನಿಯಲ್ಲಿ ಹೇಳಿದ:

"ಮೇಡಂ, ಈ ಅಂಕಿ ನಂಬಿ ಹಡಗು ಬಂದರು ಬಿಡತ್ತೆ. ನನ್ನ ತಮ್ಮ ಅಂಥ ಒಂದು ಹಡಗಲ್ಲೇ ಕೆಲಸ ಮಾಡ್ತಾನೆ. ನಾನು ಕಾಳಿನ ಕಥೆ ನಂಬಿ ಸಹಿ ಹಾಕೋಕಾಗಲ್ಲ."

ಥೋರಾಳ ಸಿಟ್ಟಿನ ಗಂಟು ತುಸು ಸಡಿಲವಾಯಿತು. ಆದರೆ ಸೋಲಲು ಅವಳು ಸಿದ್ಧಳಿರಲಿಲ್ಲ.

ಅಷ್ಟರಲ್ಲಿ ವಿಭಾಗದ ಮುಖ್ಯಸ್ಥ ಮಿಲ್ಟನ್ ಕ್ರಾಫ್ಟ್ ಒಳಬಂದ. "ಹಳೇ ಕ್ರಮದಲ್ಲೇ ಕೂಡೋ ಹಾಗೆ ಮಾಡ್ಬಿಡಮ್ಮ. ಜಗಳ ಮುಗೀತದೆ."

"ಆಗ ಅರವತ್ಮೂರು ಪ್ರೊಸೆಸರ್ ಸಾಲಲ್ಲಿ ನಿಂತು ಆಕಳಿಸ್ತವೆ! ನಲವತ್ತು ನಿಮಿಷದಲ್ಲಿ ಬರೋ ಮುನ್ಸೂಚನೆಗೆ ಆರು ಗಂಟೆ ಹಿಡಿಯತ್ತೆ. ಬಿರುಗಾಳಿ ಬಂದು ಹೋದ ಮೇಲೆ ಹೇಳೋಕೆ ಈ ಯಂತ್ರ ಯಾಕೆ?"

"ಇಲ್ಲಾಂದ್ರೆ ಶುಕ್ರವಾರ ನಿನ್ನ ಕಂಪೈಲರ್ ಕಸದ ಬುಟ್ಟಿಗೆ."

"ಬುಟ್ಟಿ ದೊಡ್ಡದೇ ತರಿಸಿ. ನಾನು ಬದಲಾಯಿಸಲ್ಲ!"

ಕ್ಯಾಸ್ಪರ್ ಅವಳನ್ನೇ ನೋಡುತ್ತಿದ್ದ. ಅವನ ತುಟಿಯಂಚಿನಲ್ಲಿ ಮೂಡಿದ್ದು ನಗೆಯೇ?

ಹೊರಡುವಾಗ ಅವನು ತಡೆದು ನಿಂತ. "ಶುಕ್ರವಾರ ಇಲ್ಲಿ ಎಲ್ಲರೂ ಕರಿದ ಮೀನು ತಿನ್ನೋಕೆ ಹೋಗ್ತಾರಂತೆ. ನೀವು...?"

"ನನ್ನ ಕೆಲಸವನ್ನ ಸುಳ್ಳು ಅಂದೋರ ಜೊತೆ ನಾನು ಮೀನು ತಿನ್ನಲ್ಲ."

ಸೋಮವಾರದಿಂದ ಅವನ ಜಗಳ ಪ್ರಶ್ನೆಗಳಾಗಿ ಬದಲಾಯಿತು. ಎರಡು ದಿನ ಅವಳ ಪಕ್ಕದ ಟರ್ಮಿನಲ್‌ನಲ್ಲೇ ಕುಳಿತ. ಚೀಲ ತುಂಬುವ ಪ್ರತಿ ಹೆಜ್ಜೆಯನ್ನೂ ಕೆದಕಿದ. ಬಾದಾಮಿ ತುಂಬಿದ ಕ್ರಿಂಗಲ್ ಎಂಬ ಸಿಹಿ ರೊಟ್ಟಿಯ ದೊಡ್ಡ ತುಂಡನ್ನು ಮಾತಿಲ್ಲದೆ ಅವಳತ್ತ ಸರಿಸಿದ. ಅವನ ಬೂಟಿನ ಸಪ್ಪಳಕ್ಕೆ ತಾನು ಕಾಯುತ್ತಿರುವುದನ್ನು ಅರಿತು ಥೋರಾ ತನ್ನ ಮೇಲೆಯೇ ರೇಗಿದಳು.

ಬುಧವಾರ ಅವನು ಬರಲಿಲ್ಲ. ಗುರುವಾರವೂ ಇಲ್ಲ.

ಗುರುವಾರ ಮಧ್ಯಾಹ್ನ ಮಿಲ್ಟನ್‌ನ ಮೇಜಿನ ಮೇಲೆ ಫ್ಯಾಕ್ಸ್‌ನಲ್ಲಿ ಬಂದ ವರದಿಯ ಮೊದಲ ಪುಟ ಅವಳ ಕಣ್ಣಿಗೆ ಬಿತ್ತು. 'ಉತ್ತರಗಳು ಹೊಂದಿಕೆಯಾಗಿಲ್ಲ.' ಕೆಳಗೆ ಕ್ಯಾಸ್ಪರ್‌ನ ಸಹಿ!

ಮುಂದೆ ನೋಡದೆ ಅವಳು ತಿರುಗಿ ನಡೆದಳು. ಹಾಗಾದರೆ ಆ ಪ್ರಶ್ನೆಗಳೆಲ್ಲ ನನ್ನನ್ನು ಬೀಳಿಸಲಿಕ್ಕೇನಾ?

ಶುಕ್ರವಾರದ ಸಭೆಗೆ ಅವಳು ರಾಜೀನಾಮೆ ಪತ್ರ ಹಿಡಿದೇ ಹೋದಳು. ಮೇಜಿನ ಆಚೆ ಕ್ಯಾಸ್ಪರ್. ಬಾಡಿದ ಮುಖ, ನಿದ್ದೆಗೆಟ್ಟ ಕಣ್ಣು.

"ಒಂದು ಮಾತು ಹೇಳಿ ಹೋಗ್ತೀನಿ," ಎಂದಳು ನಿಂತೇ. "ಹಳೇ ಉತ್ತರ ಸರಿ ಅಂತ ಯಾರೂ ಪರೀಕ್ಷೆ ಮಾಡಿಲ್ಲ. ಹಳೇದು, ಅದಕ್ಕೇ ಸರಿ ಅಂದ್ಕೊಂಡಿದೀರಿ! ನನ್ನ ಕೆಲಸ ಎಸೀರಿ. ತಪ್ಪು ಅಂತ ಮಾತ್ರ ಅನ್ನಬೇಡಿ."

"ಮುಗೀತಾ?" ಕ್ಯಾಸ್ಪರ್ ಮೆಲ್ಲನೆ ಕೇಳಿದ. "ವರದಿಯ ಎರಡನೇ ಪುಟ ಓದಿದ್ರಾ?"

"...ಎರಡನೇ ಪುಟ?"

ಅವನು ಎದ್ದು ನಿಂತು ಓದತೊಡಗಿದ. "ಹಳೇ ಯಂತ್ರದಲ್ಲೇ ಅದೇ ಸಂಖ್ಯೆಗಳನ್ನ ಹಿಂದಿನಿಂದ ಮುಂದಕ್ಕೆ ಕೂಡಿಸಿದೆ. ಬಂದದ್ದು ಮೂರನೇ ಉತ್ತರ. ಹಾಗಾಗಿ ಪ್ರತಿ ಸಂಖ್ಯೆಗೂ ಎರಡರಷ್ಟು ಅಂಕಿ ಇಟ್ಕೊಂಡು, ಒಂದು ಹಗಲು ಒಂದು ರಾತ್ರಿ ಯಂತ್ರ ಓಡಿಸಿ ಲೆಕ್ಕ ಹಾಕಿದೆ. ನಿಜವಾದ ಉತ್ತರಕ್ಕೆ ಎಲ್ಲಕ್ಕಿಂತ ಹತ್ತಿರ ಇರೋದು ಮಿಸ್ ನೆಸ್ಟಾಡ್ ಅವರದು. ಬದಲಾಗಬೇಕಾದ್ದು ಕಂಪೈಲರ್ ಅಲ್ಲ, ನಮ್ಮ ಷರತ್ತು."

ಮಿಲ್ಟನ್ ಕೆಮ್ಮಿದ. ಥೋರಾಳ ಕೈಯ ಪತ್ರ ನಿಧಾನವಾಗಿ ಎರಡು ತುಂಡಾಯಿತು.

ಸಂಜೆ ಆರಕ್ಕೆ, ಊರವರು ಕರಿದ ಮೀನಿಗೆ ಹೋಗುವ ನದಿಯಂಚಿನ ಸಪ್ಪರ್ ಕ್ಲಬ್ ಹೋಟೆಲಿನಲ್ಲಿ ಕ್ಯಾಸ್ಪರ್ ಒಬ್ಬನೇ ಕುಳಿತಿದ್ದ. ಎದುರಿನ ಕುರ್ಚಿ ಸರಿದ ಸದ್ದಿಗೆ ಬೆಚ್ಚಿ ನೋಡಿದ.

"ಸುಳ್ಳು ಅಂದದ್ದನ್ನ ವಾಪಸ್ ತಗೊಂಡ್ರಿ, ಅದಕ್ಕೇ ಬಂದೆ," ಎಂದು ಥೋರಾ ಕೋಟು ಕಳಚಿದಳು. "ಆದ್ರೂ ಎರಡು ದಿನ ಒಂದು ಫೋನ್ ಇಲ್ಲ! ಬಾಯಲ್ಲಿ ಏನು, ಬೀಗ ಹಾಕಿತ್ತಾ?"

"ಉತ್ತರ ಬರೋ ಮೊದಲು ನಿಮ್ಮ ದನಿ ಕೇಳಿದ್ರೆ, ನಿಮ್ಮ ಕಡೆಗೇ ವಾಲಿಬಿಡ್ತೀನಿ ಅನ್ನೋ ಭಯ... ಲೆಕ್ಕ ನಿಮ್ಮನ್ನ ತಾನಾಗೇ ಗೆಲ್ಲಿಸ್ಬೇಕಿತ್ತು."

ಅವಳ ಕಣ್ಣಂಚು ಒದ್ದೆಯಾಯಿತು. ಮೀನಿನ ತಟ್ಟೆಗಳು ಬಂದವು. ಅವನು ಫೋರ್ಕ್ ಮುಟ್ಟಲಿಲ್ಲ.

"ಥೋರಾ, ನಿಮಗೆ ಎರಡು ಮಾತು ಹೇಳ್ಬೇಕು. ಯಾವ ಕ್ರಮದಲ್ಲಿ ಹೇಳ್ಲಿ?"

"ಚಿಕ್ಕದು ಮೊದಲು. ಇಲ್ಲಾಂದ್ರೆ ಕಳೆದುಹೋಗತ್ತೆ."

"ಬಾಗಿಲು ತಟ್ಟದೆ ಬಂದಿದ್ದಕ್ಕೆ ಕ್ಷಮಿಸಿ."

ಅವಳು ನಕ್ಕಳು. ಮೇಜಿನ ಮೇಲಿದ್ದ ಅವನ ಕೈಮೇಲೆ ತನ್ನ ಕೈಯಿಟ್ಟಳು.

"ಕ್ಷಮಿಸಿದೆ. ಈಗ ದೊಡ್ಡದು ಹೇಳಿ ಮಾರಾಯ್ರೇ, ಮೀನು ಆರ್ತಾ ಇದೆ!"