ಮನೆಯೊಳಗೆ ಮೊದಲು ಬಂದದ್ದು

ಸ್ಟ್ರಾ ಚುಚ್ಚಿದ ರಭಸಕ್ಕೆ ಬಾಳೆಹಣ್ಣಿನ ಹಾಲು ಬಾಟಲಿಯಿಂದ ಚಿಮ್ಮಿ, ಪಕ್ಕದಲ್ಲಿ ಕೂತಿದ್ದವನ ಪ್ಯಾಂಟಿನ ಮೇಲೆ ಬಿತ್ತು.

"ಅಯ್ಯಯ್ಯೋ! ನೋಡ್ಲಿಲ್ಲ ರೀ, ಕ್ಷಮಿಸಿ," ಅಂದಳು ಬೋಮಿ.

"ನೋಡ್ಲಿಲ್ಲ ಅಂದ್ರೆ ಹೇಗ್ರೀ ನಂಬೋದು? ಬಂದಾಗಿಂದ ನನ್ನನ್ನೇ ನೋಡ್ತಿದ್ದೀರಿ."

"ನಾನಾ? ನಿಮ್ಮನ್ನಾ? ಕನ್ನಡೀಲಿ ಮುಖ ನೋಡ್ಕೊಂಡಿದ್ದೀರಾ?"

"ಬೆಳಿಗ್ಗೆ ನೋಡ್ಕೊಂಡೆ. ಚೆನ್ನಾಗೇ ಇತ್ತು."

ದೇಗು ಊರಿನ ಆ ಸುಟ್ಟಗಾಯದ ಆಸ್ಪತ್ರೆಯಲ್ಲಿ, ಲೇಸರ್ ಕೋಣೆಯ ಹೊರಗೆ ಕಾಯುವವರೆಲ್ಲ ಎಳೆಯರೇ. ಕೆನ್ನೆಗೆ, ಕತ್ತಿಗೆ, ಮೊಣಕೈಗೆ ಜೋಮು ಹಿಡಿಸುವ ಬಿಳಿ ಕ್ರೀಮು ಮೆತ್ತಿ, ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ ಕೂರಿಸಿರುತ್ತಾರೆ. ಚರ್ಮ ಮರಗಟ್ಟುವ ತನಕ ಯಾರೂ ಏಳುವಂತಿಲ್ಲ. ಬೋಮಿಗೆ ಬಲಗೈ ಪೂರ್ತಿ ಸುತ್ತಿದ್ದರು, ಅವನಿಗೆ ಎಡಗೈ. ಇಬ್ಬರಿಗೂ ಉಳಿದದ್ದು ಒಂದೊಂದೇ ಕೈ.

ಅವನು ತನ್ನ ಹಾಲಿನ ಬಾಟಲಿಯನ್ನೂ ತೆಗೆದು ಅವಳ ಮುಂದೆ ಹಿಡಿದ. "ನಾನು ಹಿಡ್ಕೋತೀನಿ, ನೀವು ಚುಚ್ಚಿ. ಈ ಸಲ ಸ್ವಲ್ಪ ಕರುಣೆ ಇರ್ಲಿ."

ಅವನು ಹಿಡಿದ, ಅವಳು ಚುಚ್ಚಿದಳು. ಒಂದು ಹನಿಯೂ ಚೆಲ್ಲಲಿಲ್ಲ. ಅವನ ಹೆಸರು ಇಂಜೇ. ರಿಪೇರಿ ಅಂಗಡಿಯಲ್ಲಿ ಕೆಲಸ, ಶಾಲೆಯ ದಿನಗಳಲ್ಲಿ ಕುದಿಯುವ ನೂಡಲ್ಸ್ ಪಾತ್ರೆಯನ್ನು ತೋಳಿನ ಮೇಲೆ ಕವುಚಿಕೊಂಡವನು. ಹುಟ್ಟಿದ ವರ್ಷ ಯಾವುದು ಅಂತ ಪರಸ್ಪರ ಕೇಳಿಕೊಂಡರು. ಅದು ಗೊತ್ತಾಗದೆ ಆ ಊರಿನಲ್ಲಿ ಯಾರಿಗೂ ಮಾತು ಮುಂದೆ ಹೋಗುವುದಿಲ್ಲ.

"ಒಂದೇ ವರ್ಷ! ಹಾಗಾದ್ರೆ ಹೋಗೇ ಬಾರೇ ನಡೆಯುತ್ತೆ," ಅಂದ ಇಂಜೇ.

"ಹೋಗೋ," ಅಂದಳು ಬೋಮಿ. ಅಂದಮೇಲೆ ಅವಳಿಗೇ ನಗು ಬಂತು.

"ನಿನ್ನ ಕೈಗೇನಾಯ್ತು?"

"ಡ್ರ್ಯಾಗನ್ ಮುದ್ದಾಡೋಕೆ ಹೋಗಿದ್ದೆ."

ಅವನು ಗಂಭೀರವಾಗಿ ತಲೆಯಾಡಿಸಿದ. "ಮುದ್ದಾಡಿಸ್ಕೊಳ್ತಾ?"

ಆಮೇಲೆ ಪ್ರತಿ ತಿಂಗಳೂ ಅದೇ ಬೆಂಚು, ಅದೇ ಹಾಲು, ಅದೇ ಪ್ರಶ್ನೆ. ಅವಳ ಉತ್ತರ ಮಾತ್ರ ಪ್ರತಿ ಸಲವೂ ಹೊಸದು. ಜ್ವಾಲಾಮುಖಿಗೆ ಕೈ ಹಾಕಿದೆ ಅಂದಳು. ಇನ್ನೊಂದು ಸಲ, ಒಬ್ಬ ಹುಡುಗನ ಕೆನ್ನೆಗೆ ಹೊಡೆದೆ, ಅವನು ಅಷ್ಟು ಬಿಸಿಯಿದ್ದ ಅಂದಳು. ಇಂಜೇ ನಗುತ್ತಿದ್ದ. ನಗುವಾಗ ಅವನ ಒಂದು ಹುಬ್ಬು ಮಾತ್ರ ಮೇಲೇರುವುದನ್ನು ಬೋಮಿ ಕಳ್ಳಗಣ್ಣಿನಲ್ಲಿ ನೋಡುತ್ತಿದ್ದಳು. ನೋಡಿ ಸಿಕ್ಕಿಬಿದ್ದಾಗ ಗಡಿಯಾರ ನೋಡುತ್ತಿದ್ದೆ ಅನ್ನುತ್ತಿದ್ದಳು. ಗಡಿಯಾರ ಇದ್ದದ್ದು ಎದುರು ಗೋಡೆಯ ಮೇಲೆ.

ಅಸಲಿ ಕಥೆಯನ್ನು ಮಾತ್ರ ಅವಳು ಬಾಯಿಬಿಡಲಿಲ್ಲ. ಒಳಗೆ ಲೇಸರ್ ಟಕಟಕ ಅನ್ನುವಾಗ, ರಬ್ಬರ್‌ಬ್ಯಾಂಡಿನಲ್ಲಿ ಹೊಡೆದಂತೆ ಅಂಗೈ ಚುರುಗುಟ್ಟುವಾಗ, ಕೊಳವೆಯಿಂದ ತಣ್ಣನೆ ಗಾಳಿ ಊದುತ್ತಿದ್ದರೂ ಮೂಗಿಗೆ ಕೂದಲು ಸುಟ್ಟ ವಾಸನೆ ಅಡರುವಾಗ, ಅವಳು ಹಲ್ಲು ಕಚ್ಚಿ ಒಂದೇ ಮಾತು ಅಂದುಕೊಳ್ಳುತ್ತಿದ್ದಳು: ಇದೆಲ್ಲ ಅಳಿಸಿಹೋಗಲಿ, ಆಮೇಲೆ ಈ ಕೈ ಅವನ ಕೈಗೆ ಕೊಡುತ್ತೇನೆ. ಆಸ್ಪತ್ರೆಯವರನ್ನು ಬಿಟ್ಟರೆ ಆ ಬರಿಗೈಯನ್ನು ಅವಳು ಬುದ್ಧಿ ಬಂದಮೇಲೆ ಯಾರಿಗೂ ಹಿಡಿಯಲು ಕೊಟ್ಟವಳಲ್ಲ. ಕನ್ನಡಕದ ಅಂಗಡಿಯಲ್ಲಿ ಊರವರ ಮೂಗಿಗೆಲ್ಲ ಫ್ರೇಮು ಕೂರಿಸುವವಳು, ಬೇಸಿಗೆಯಲ್ಲೂ ಗ್ಲೌಸು ತೆಗೆಯುತ್ತಿರಲಿಲ್ಲ.

ಒಂದು ಸಂಜೆ ಬಸ್‌ಸ್ಟಾಪಿನಲ್ಲಿ ಇಂಜೇ ಕೇಳಿಯೂಬಿಟ್ಟ. "ಆ ಗ್ಲೌಸು ತೆಗೆದು ಕೈ ಹಿಡ್ಕೊಳ್ಳೋಕೆ ಯಾವತ್ತು ಬಿಡ್ತೀಯ?"

"ಲೇಸರ್ ಮುಗೀಲಿ. ಗುರುತೆಲ್ಲ ಹೋಗ್ಲಿ."

"ಹೋಗ್ದೇ ಇದ್ರೆ?"

ಬಸ್ಸು ಬಂತು. ಅವಳದಲ್ಲದ ಬಸ್ಸು. ಆದರೂ ಹತ್ತಿಬಿಟ್ಟಳು, ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸು ನಡೆದಳು.

ಚಳಿ ಕಳೆಯುವ ಹೊತ್ತಿಗೆ ಡಾಕ್ಟರು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, "ಭೇಷ್! ಈಗ ಪೂರ್ತಿ ಬಿಚ್ಚಿಕೊಳ್ತಿದೆ. ಇನ್ನೊಂದು ಸಲ ಮಾಡಿ ನಿಲ್ಲಿಸೋಣ," ಅಂದರು.

"ಮತ್ತೆ ಗುರುತು?"

"ಗುರುತು ಇರುತ್ತಮ್ಮಾ. ಮೆತ್ತಗಾಗಿದೆ, ಕೆಂಪು ಇಳಿದಿದೆ. ಲೇಸರ್ ರಬ್ಬರಲ್ಲ, ಅಳಿಸಿಹಾಕೋಕೆ."

ಅವತ್ತಿನಿಂದ ಅವಳಿಗೆ ಕೂತರೆ ನಿಲ್ಲಬೇಕು, ನಿಂತರೆ ಕೂರಬೇಕು. ಊಟ ಸೇರದು. ಇಂಜೇ ಫೋನು ಮಾಡಿದರೆ ಎದೆ ಹಾರುತ್ತದೆ, ಮಾಡದಿದ್ದರೆ ಸಿಟ್ಟು ಬರುತ್ತದೆ. ಇದರ ನಡುವೆ ಮನೆ ಬದಲಾಯಿಸುವ ದಿನ ಬಂತು. ಅಮ್ಮನ ಮನೆ ಬಿಟ್ಟು ಮೊದಲ ಸಲ ತನ್ನದೇ ಒಂದು ಕೋಣೆ. ಸಾಮಾನು ಹೊರಲು ಇಂಜೇ ತಾನಾಗಿ ಬರುತ್ತೇನೆ ಅಂದ. ಬೇಡ ಅನ್ನಬೇಕೆಂದುಕೊಂಡವಳ ಬಾಯಿಂದ ಹೂಂ ಅಂತಲೇ ಬಂತು.

ಅಮ್ಮ ಕೆಳಗೆ ಲಾರಿಯವನ ಜೊತೆ ಜಗಳಕ್ಕೆ ನಿಂತಿದ್ದಳು. ಬೋಮಿ ಹಾಸಿಗೆಯ ಗಂಟು ಹೊತ್ತು ಮೆಟ್ಟಿಲು ಹತ್ತಿ ಬಂದರೆ ಬಾಗಿಲು ತೆರೆದೇ ಇತ್ತು. ಖಾಲಿ ಹೊಸ ಕೋಣೆಯ ಮಧ್ಯದಲ್ಲಿ ಕೆಂಪು ರಿಬ್ಬನ್ ಕಟ್ಟಿದ ಹೊಸ ರೈಸ್ ಕುಕ್ಕರ್. ಪಕ್ಕದಲ್ಲಿ ಮಂಡಿಯೂರಿ ಕೂತ ಇಂಜೇ, ಮದುವೆಮನೆಯ ಯಜಮಾನನಷ್ಟು ಜಂಬದಲ್ಲಿ.

"ಹೊಸ ಮನೆಯೊಳಗೆ ಮೊದಲು ಕುಕ್ಕರ್ ಬರ್ಬೇಕು ಅಂತ ಗೊತ್ತಿಲ್ವಾ ನಿಂಗೆ? ನಿಮ್ಮ ಸಾಮಾನಲ್ಲಿ ಒಂದೂ ಕಾಣ್ಲಿಲ್ಲ. ಅದಕ್ಕೇ ನಾನೇ ತಂದೆ. ಅಕ್ಕೀನೂ ಹಾಕಿ ಆನ್ ಮಾಡಿದ್ದೀನಿ, ಮನೆ ತುಂಬ ಅನ್ನ ಇರ್ಲಿ ಅಂತ."

ಅಷ್ಟರಲ್ಲಿ ಕುಕ್ಕರೇ ಬಾಯಿಬಿಟ್ಟಿತು. ಆ ನಾಡಿನ ಕುಕ್ಕರುಗಳೆಲ್ಲ ಮಾತಾಡುತ್ತವೆ. ನಯವಾದ ಹೆಣ್ಣುದನಿಯಲ್ಲಿ ಅದು, "ಹಬೆ ಹೊರಬರುತ್ತದೆ, ಹುಷಾರಾಗಿರಿ," ಅಂತು. ಹಿಂದೆಯೇ ಭುಸ್ಸ್ ಅಂತ ಹಬೆ ಎದ್ದಿತು.

"ಆಚೆ ಎಸಿ ಅದನ್ನ!" ಬೋಮಿ ಕಿರುಚಿದಳು. "ಯಾರು ತರೋಕೆ ಹೇಳಿದ್ದು ನಿಂಗೆ? ಹೋಗು! ನೀನೂ ಹೋಗು!"

ಗಂಟು ಅಲ್ಲೇ ಬಿತ್ತು. ಅವಳು ಮೆಟ್ಟಿಲಿಳಿದು ಓಡಿ ಲಾರಿಯೊಳಗೆ ಹತ್ತಿ ಬಾಗಿಲು ಹಾಕಿಕೊಂಡಳು. ಅಮ್ಮ ಒಂದು ಸಲ ಮೇಲೆ ಹೋಗಿ ಬಂದು, ಬಿಳಿಚಿಕೊಂಡ ಮುಖದಲ್ಲಿ ಪಕ್ಕ ಕೂತಳು.

"ಆ ಹುಡುಗನಿಗೆ ನೀನು ಹೇಳೇ ಇಲ್ವಾ?"

"ಇಲ್ಲ."

"ಹೇಳ್ದೇ ಇದ್ರೆ ಅವನಿಗೇನು ಕನಸು ಬೀಳುತ್ತೇನೇ?"

ಬೋಮಿ ಲಾರಿಯಿಂದ ಇಳಿದಳು. ಮೇಲೆ ಹೋಗುವಷ್ಟರಲ್ಲಿ ಅವನೂ ಇರಲಿಲ್ಲ, ಕುಕ್ಕರೂ ಇರಲಿಲ್ಲ. ಹಬೆ ಆಚೆ ಹೋಗಲೆಂದು ಕಿಟಕಿ ಮಾತ್ರ ತೆರೆದಿಟ್ಟಿದ್ದ. ಹಾಸಿಗೆಯ ಗಂಟನ್ನು ಗೋಡೆಗೆ ಒರಗಿಸಿಟ್ಟಿದ್ದ.

ಕೊನೆಯ ಲೇಸರಿನ ದಿನ ಬೆಂಚಿನ ಅರ್ಧ ಖಾಲಿ. ಬೋಮಿ ಕೈಗೆ ಹಾಳೆ ಸುತ್ತಿಕೊಂಡೇ ಬಾಗಿಲ ತನಕ ಹೋದಳು, ಬಂದಳು, ಮತ್ತೆ ಹೋದಳು.

"ಏನೇ ಇದು, ಕಾಲು ಸುಟ್ಟ ಬೆಕ್ಕಿನ ಹಾಗೆ?" ನರ್ಸ್ ಮಿಸೂಕ್ ಅಕ್ಕ ಗದರಿದರು. "ಅವನು ಬರಲ್ಲ. ನಿನ್ನ ದಿನ ಬೇಡ ಅಂತ ಬೇರೆ ದಿನ ಹಾಕಿಸ್ಕೊಂಡಿದ್ದಾನೆ. ಅವಳಿಗೆ ನನ್ನ ಮುಖ ನೋಡೋಕೆ ಕಷ್ಟ ಆಗ್ಬಾರ್ದು ಅಂದ. ಏನು ಮಾಡ್ದೆ ಆ ಹುಡುಗನಿಗೆ?"

"ನಾನು ಮಾಡಿದ್ದು ತಪ್ಪೇ ಅಕ್ಕಾ," ಅಂದಳು ಬೋಮಿ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಎಡಗೈ ಒಂದೇ ಇತ್ತು.

ಲೇಸರ್ ಮುಗಿದ ನಾಲ್ಕೈದು ದಿನಕ್ಕೆ ಉರಿ ಇಳಿಯಿತು, ಒಳಗಿನ ತಳಮಳ ಇಳಿಯಲಿಲ್ಲ. ಒಂದು ಮಧ್ಯಾಹ್ನ ಕೆಲಸದಿಂದ ಎದ್ದು ಅವನ ಅಂಗಡಿ ಹುಡುಕಿಕೊಂಡು ಹೋದಳು. ಎರಡು ಸಲ ಅಂಗಡಿ ದಾಟಿ ಮುಂದೆ ಹೋಗಿ, ಮೂರನೇ ಸಲ ಕಾಲು ನಿಂತಿತು. ಕಪಾಟಿನ ತುಂಬ ಕುಕ್ಕರುಗಳು! ಅವನು ರಿಪೇರಿ ಮಾಡುವುದೇ ಅವನ್ನು. ಅವಳು ಯಾವತ್ತೂ ಕೇಳಿರಲಿಲ್ಲ, ತನ್ನ ಸುಳ್ಳುಗಳ ಸಡಗರದಲ್ಲಿ.

ಅವಳನ್ನು ಕಂಡದ್ದೇ ಇಂಜೇ ಎದ್ದು ಬಿದ್ದು ಪ್ಲಗ್ಗುಗಳನ್ನೆಲ್ಲ ಕಿತ್ತ.

"ಬೋಮಿ, ಅವತ್ತು... ನಾನೇನು ತಪ್ಪು ಮಾಡ್ದೆ ಅಂತ ಇವತ್ತಿಗೂ ಗೊತ್ತಾಗಿಲ್ಲ. ಆದ್ರೂ ತಪ್ಪಾಯ್ತು."

"ಡ್ರ್ಯಾಗನ್ ಅಲ್ಲ ಕಣೋ," ಅಂದಳು. "ಕುಕ್ಕರು."

ಅವನ ಕೈಯಲ್ಲಿದ್ದ ಪ್ಲಗ್ಗು ಕೆಳಗೆ ಬಿತ್ತು.

"ಆಗಷ್ಟೇ ನಡೆಯೋಕೆ ಕಲಿತಿದ್ದೆನಂತೆ. ಅದು ನೆಲದ ಮೇಲಿತ್ತು. ಭುಸ್ಸ್ ಅಂತ ಹಾಡ್ತು, ನಾನು ಹೋಗಿ ಅಂಗೈಯಲ್ಲಿ ಅದರ ಬಾಯಿ ಮುಚ್ಚಿದೆ. ಅಮ್ಮ ಅವತ್ತೇ ಅದನ್ನ ಆಚೆ ಹಾಕಿದ್ಳು. ಆಮೇಲೆ ನಮ್ಮನೆ ಅನ್ನ ಎಲ್ಲ ಮಣ್ಣಿನ ಮಡಕೇಲೇ."

ಇಂಜೇ ಸ್ಟೂಲಿನ ಮೇಲೆ ಕುಸಿದ. "ಅದನ್ನೇ ನಾನು ಎಲ್ಲಕ್ಕಿಂತ ಮೊದಲು ನಿನ್ನ ಮನೆಯೊಳಗೆ..." ಮುಖ ಮುಚ್ಚಿಕೊಂಡ. "ಅಯ್ಯೋ ನನ್ನ ಬುದ್ಧಿಗಿಷ್ಟು!"

"ನಿನ್ನ ಬುದ್ಧಿಗಲ್ಲ. ತಿಂಗಳು ತಿಂಗಳು ನೀನು ಕೇಳ್ದೆ, ನಾನು ಕಥೆ ಹೇಳ್ದೆ." ಅವಳು ಗ್ಲೌಸಿನ ತುದಿಗೆ ಕೈ ಹಾಕಿದಳು. "ಇನ್ನೊಂದು ಮಾತು. ಗುರುತು ಹೋಗಲ್ಲವಂತೆ. ಇಷ್ಟೇ ಅಂತೆ, ಇನ್ನು ಲೇಸರ್ ಇಲ್ಲ. ಈಗ ನೋಡಿ ಹೇಳು."

ಗ್ಲೌಸು ತೆಗೆದಳು. ತೆಗೆದ ಕೈ ಎಲ್ಲಿಡಬೇಕೋ ತಿಳಿಯದೆ ಗಾಳಿಯಲ್ಲೇ ನಿಂತಿತು. ಇಂಜೇ ಅದನ್ನು ನೋಡಿದ, ಅವಸರವಿಲ್ಲದೆ, ಬೆರಳ ತುದಿಯಿಂದ ಮಣಿಕಟ್ಟಿನವರೆಗೆ. ಆಮೇಲೆ ಒಂದು ಹುಬ್ಬು ಮೇಲೇರಿತು.

"ಹೇಳೋದೇನಿದೆ? ಇಷ್ಟು ದಿನ ನಾನು ಕಾದಿದ್ದು ಕೈಗೆ ಕಣೇ, ಗುರುತು ಹೋಗ್ಲಿ ಅಂತ ಅಲ್ಲ. ಆ ಷರತ್ತು ನಿಂದು."

ಬೋಮಿ ಬಿಕ್ಕಿದಳು, ನಕ್ಕಳು, ಮೂಗೊರೆಸಿಕೊಂಡಳು. "ಆ ಕೆಂಪು ರಿಬ್ಬನ್‌ದು ಎಲ್ಲಿ? ಬಿಚ್ಚಿ ತೋರ್ಸು."

ಅವನು ಕುಕ್ಕರಿನ ತಲೆ ಬಿಚ್ಚಿ, ಹಬೆಯ ಬಾಯಿಗೆ ಕೂರುವ ವೆಯ್ಟನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ತಣ್ಣಗಿತ್ತು.

"ಇಷ್ಟೇನಾ?"

"ಇಷ್ಟೇ."

"ಇಷ್ಟಕ್ಕಾ ಇಷ್ಟು ವರ್ಷ..." ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ ವಾಪಸು ಕೊಟ್ಟಳು. "ಅಕ್ಕಿ ಹಾಕು."

"ಇವತ್ತೇ ಬೇಡ ಕಣೇ."

"ಹಾಕೋ ಅಂದ್ರೆ!"

ಅಕ್ಕಿ ಬೇಯುವಷ್ಟು ಹೊತ್ತು ಅವಳು ಕೂತಳು, ಎದ್ದಳು, ಬಾಗಿಲಿಗೆ ಹೋಗಿ ಬಂದಳು. ಕುಕ್ಕರು ಗಂಟಲು ಸರಿಮಾಡಿಕೊಂಡಂತೆ ಒಮ್ಮೆ ಸದ್ದು ಮಾಡಿ, "ಹಬೆ ಹೊರಬರುತ್ತದೆ," ಅಂದದ್ದೇ ತಡ, ಅವಳ ಬಲಗೈ ತಾನಾಗಿ ಹಾರಿ ಇಂಜೇಯ ಎಡಗೈ ಹಿಡಿಯಿತು. ಭುಸ್ಸ್ ಅನ್ನುವಾಗ ಕಣ್ಣು ಮುಚ್ಚಿ ಗಟ್ಟಿಯಾಗಿ ಅದುಮಿದಳು. ಅವನ ಕೈಯ ಚರ್ಮವೂ ತನ್ನದರ ಹಾಗೇ ಗಂಟುಗಂಟಾಗಿತ್ತು, ಬೆಚ್ಚಗಿತ್ತು. ಸದ್ದು ನಿಂತಿತು. ಅವಳು ಬಿಡಲಿಲ್ಲ.

"ಅನ್ನ ಆಯಿತು, ಚೆನ್ನಾಗಿ ಕಲಸಿ," ಅಂತು ಕುಕ್ಕರು.

"ಕೇಳಿಸ್ತಾ? ಕೈ ಬಿಡು, ಕಲಸ್ಬೇಕಂತೆ," ಅಂದ ಇಂಜೇ.

"ಬಿಡಲ್ಲ. ಒಂದೊಂದು ಕೈ ಉಳಿದಿದೆಯಲ್ಲ? ನೀನು ಹಿಡ್ಕೋ, ನಾನು ಕಲಸ್ತೀನಿ."

ಅವನು ಪಾತ್ರೆ ಹಿಡಿದ, ಅವಳು ಎಡಗೈಯಲ್ಲಿ ಸೌಟು ಹಿಡಿದು ಕಲಸಿದಳು. ಸಂಜೆ ಇಬ್ಬರೂ ಸೇರಿ ಆ ಕುಕ್ಕರನ್ನು ಹೊತ್ತು ಅವಳ ಮನೆಯ ಮೆಟ್ಟಿಲು ಹತ್ತಿದರು. ಬಾಗಿಲಲ್ಲಿ ಇಂಜೇ ನಿಂತುಬಿಟ್ಟ.

"ಮೊದಲು ಯಾರು ಒಳಗೆ? ಇದಾ, ನಾನಾ?"

"ನೀನು," ಅಂದಳು ಬೋಮಿ. "ಅದು ನಿನ್ನ ಹಿಂದೆ ಬರ್ಲಿ."