ಭೀಮೆಯಾಚೆಯ ಹನ್ನೊಂದು ತಿಂಗಳು

"ಮಲ್ಕಮ್ಮ ಅಂದ್ರ ನೀವೇ ಏನ್ರಿ?"

ಬಾಳೆಗೊನೆ ಕಡಿಯುತ್ತಿದ್ದವಳು ಕುಡುಗೋಲು ಹಿಡಿದೇ ತಿರುಗಿದಳು. ತೋಟದ ಬದುವಿನ ಮೇಲೆ ಒಬ್ಬ ನಿಂತಿದ್ದ. ಕರಿ ಕೋಟು, ಧೂಳು ತುಂಬಿದ ಚಪ್ಪಲಿ. ಕಣ್ಣು ಮಾತ್ರ... ಅಯ್ಯ, ಹೀಗ್ಯಾಕೆ ನೋಡ್ತಾನೆ ಅನ್ನಿಸಿ ಸೆರಗು ಸರಿ ಮಾಡಿಕೊಂಡಳು.

"ಹೌದ್ರಿ. ತಾವು?"

"ಅಣವೀರಪ್ಪ. ಕಲಬುರಗಿ ಕಚೇರಿ ಕಾರಕೂನ. ನಿಮ್ಮ ಮುಲ್ಕಿ ಅರ್ಜಿ ತಪಾಸಣಿಗೆ ಬಂದೀನಿ."

ಅದು ನಿಜಾಮರ ಕಾಲ. ಹೊರಗಿನಿಂದ ಬಂದವರಿಗೆ ಸರ್ಕಾರಿ ನೌಕರಿ ಬೇಕೆಂದರೆ ಹದಿನೈದು ವರ್ಷ ಬಿಡದೆ ಇಲ್ಲೇ ನೆಲೆಸಿ, ತಾವು 'ಮುಲ್ಕಿ', ಅಂದರೆ ಈ ನಾಡಿನವರೇ, ಅಂತ ಕಾಗದ ಮಾಡಿಸಬೇಕಿತ್ತು. ಮಲ್ಕಮ್ಮ ಎಂಟು ವರ್ಷದವಳಿದ್ದಾಗ ಅಪ್ಪ ಜಗದೇವಪ್ಪ ಭೀಮಾ ಹೊಳೆಯಾಚೆಯ ಇಂಗ್ರೇಜಿ ಸೀಮೆ ಬಿಟ್ಟು ಕಮಲಾಪುರಕ್ಕೆ ಬಂದು ಕೆಂಪು ಬಾಳೆಯ ತೋಟ ಹಿಡಿದಿದ್ದ. ಈಗ ಅವಳಿಗೆ ಇಪ್ಪತ್ತಮೂರು. ಹೆಣ್ಣುಮಕ್ಕಳ ಸಾಲೆಯಲ್ಲಿ ಅವಳ ಹಂಗಾಮಿ ಕೆಲಸ ಕಾಯಂ ಆಗಲು ಆ ಕಾಗದವೊಂದೇ ಬಾಕಿ.

ಅವಳು ಹಣ್ಣು ಕೊಟ್ಟಳು. ಅವನು ತಿಂದ. ಬೇಕಾದದ್ದು ಕೇಳಿ ಮುಗಿದರೂ ಏಳಲಿಲ್ಲ, ನಗುತ್ತ ಅವಳ ಮಾತು ಕೇಳುತ್ತಲೇ ಕೂತ.

"ಹೊಳಿ ಆಚೆ ಈಗ ಯಾರೂ ಇಲ್ಲೇನ್ರಿ?"

"ಅಕ್ಕ ಚಂದಮ್ಮ ಅದಾಳ್ರಿ. ನಾಲ್ಕು ವರ್ಷದ ಹಿಂದ ಆಕೀದು ಚೊಚ್ಚಲ ಹೆರಿಗಿ. ಅವ್ವ ಇಲ್ಲದ ತವರಿಗೆ ಬಸುರಿನ್ನ ಯಾರು ಕಳಸ್ತಾರ್ರಿ? ನಾನೇ ಹೋಗಿ ಬಾಣಂತನ ಮಾಡ್ದೆ. ಹನ್ನೊಂದು ತಿಂಗಳು ಅಲ್ಲೇ ಇದ್ದೆ. ಕೂಸು ನನ್ನ ಬಿಡ್ತಿದ್ದಿಲ್ಲ ನೋಡ್ರಿ."

ಅವನ ನಗು ನಿಂತಿತು. ಕೂಸಿನ ನೆನಪಲ್ಲಿ ಮುಳುಗಿದವಳಿಗೆ ಅದು ಕಾಣಲೇ ಇಲ್ಲ.

ತಿಂಗಳೊಳಗೆ ಉತ್ತರ ಬಂತು. ಅರ್ಜಿ ವಜಾ. ಹನ್ನೊಂದು ತಿಂಗಳು ಹೊರಗಿದ್ದದ್ದರಿಂದ ಹಿಂದಿನದೆಲ್ಲ ರದ್ದು, ತಿರುಗಿ ಬಂದ ದಿನದಿಂದಲೇ ಎಣಿಕೆ. ಇನ್ನೂ ಹನ್ನೆರಡು ವರ್ಷ! ಸಾಲೆಗೆ ಬೇರೆಯವರು ಬಂದರು.

ಮಲ್ಕಮ್ಮ ಕಲಬುರಗಿಗೆ ಹೋಗಿ ಕಚೇರಿಯ ಪಡಸಾಲೆಯಲ್ಲೇ ಅವನನ್ನು ತಡೆದಳು.

"ನೀವೇ ಬರದ್ರಿ?"

"ನಾನೇ ಬರ್ದೆ."

"ನಮ್ಮ ಹಣ್ಣು ತಿಂದು, ನಕ್ಕೊಂತ ಕೇಳಿ, ನನ್ನ ಅನ್ನಕ್ಕ ಮಣ್ಣು ಹಾಕಿದ್ರಿ."

ನಿಜ ಬರೆದದ್ದನ್ನು ಎರಡು ಸಲ ಹರಿದಿದ್ದ ಅವನು. ಮೂರನೆಯ ಸಲ ಸುಳ್ಳು ಬರೆಯಲು ಕೈ ಏಳಲಿಲ್ಲ. ಅದನ್ನಾದರೂ ಹೇಳಬಾರದೇ? ಹೇಳಲಿಲ್ಲ. ತಲೆ ತಗ್ಗಿಸಿ ಇನ್ನೇನೋ ಶುರು ಮಾಡಿದ.

"ಒಂದು ದಾರಿ ಅದರಿ. ಮುಲ್ಕಿ ಇದ್ದವನ ಹೆಂಡತಿ ತಾನೂ ಮುಲ್ಕಿ ಆಗ್ತಾಳ ಅಂತ ಕಾಯದಾದಾಗೇ ಅದ. ನಾ ಮುಲ್ಕಿ ಇದೀನಿ. ನನ್ನ ಕೂಡ ಲಗ್ನ ಆದ್ರ ಜಲ್ದಿ ಕಾಗದ ಸಿಗ್ತದ."

ಹುಚ್ಚಪ್ಪ. ಲಗ್ನದ ಮಾತನ್ನು ಹೀಗೂ ಆಡುತ್ತಾರೆಯೇ?

ನೀವಂದ್ರ ನನಗ ಇಷ್ಟ ಅಂತ ಒಂದೇ ಮಾತು ಅಂದಿದ್ದರೆ ಅವಳು ಅಲ್ಲೇ ಕರಗುತ್ತಿದ್ದಳು. ಅವಳಿಗೆ ಕೇಳಿಸಿದ್ದು ಕನಿಕರ.

"ಒಂದು ಕೈಲೆ ಕಸಗೊಂಡು ಇನ್ನೊಂದು ಕೈಲೆ ಭಿಕ್ಷಾ ಹಾಕ್ತೀರೇನು? ಹನ್ನೆರಡು ವರ್ಷ ಇಲ್ಲೇ ಕೂತು ನನ್ನ ಕಾಗದ ನಾನೇ ತಗೋತೀನಿ."

ತೋಟದಲ್ಲಿ ದುಡಿದಳು, ಊರವರ ಕುಪ್ಪಸ ಹೊಲಿದಳು. ಹೊಳೆ ದಾಟಲಿಲ್ಲ.

ಐದನೆಯ ವರ್ಷ ಚಂದಮ್ಮನ ಮೂರನೆಯ ಹೆರಿಗೆ ಕಠಿಣವಾಗಿದೆ ಅಂತ ಸುದ್ದಿ ಬಂತು. ಮಲ್ಕಮ್ಮ ಗಂಟು ಕಟ್ಟಿದಳು. ಒಂದು ದಿನ ಹೋದರೂ ಯಾರಾದರೂ ಬರೆದಾರು... ಗಂಟು ಬಿಚ್ಚಿದಳು. ಮರುದಿನ ಅಕ್ಕ ತೀರಿಕೊಂಡಳು.

ಮಣ್ಣಿಗೆ ಅಪ್ಪ ಹೋದ. ತಿರುಗಿ ಬರುವಾಗ ಅವನ ಸಂಗಡ ಅಣವೀರಪ್ಪ ಇದ್ದ. ಸುದ್ದಿ ಕೇಳಿ ತಾನಾಗಿಯೇ ಹೋಗಿದ್ದನಂತೆ.

"ನಿಮ್ಮ ಹೆಸರು ಹೇಳಿ ಒಂದು ಹಿಡಿ ಮಣ್ಣು ಹಾಕಿ ಬಂದೀನ್ರಿ," ಅಂದ.

ಅವಳು ಬಾಗಿಲು ಮುಚ್ಚಿದಳು. ಇವನು ಬರೆಯದಿದ್ದರೆ ನಾನು ಹೋಗಿರುತ್ತಿದ್ದೆ ಅಂತ ಅತ್ತಳು. ಇಲ್ಲ, ಅಕ್ಕನಿಗಿಂತ ಕಾಗದ ಹೆಚ್ಚಾಯಿತು ನನಗೆ ಅಂತ ಇನ್ನೂ ಅತ್ತಳು.

ಆಮೇಲೆ ಅವನು ಬರಲಿಲ್ಲ. ಲಗ್ನವನ್ನೂ ಮಾಡಿಕೊಂಡಿಲ್ಲ ಅಂತ ಅಪ್ಪ ಆಗಾಗ ಗೊಣಗುತ್ತಿದ್ದ.

ಹನ್ನೆರಡು ವರ್ಷ ತುಂಬಿತು. ಮೊಹರು ಬಿದ್ದ ಕಾಗದ ಕೈಗೆ ಬಂದ ದಿನವೇ ಮಲ್ಕಮ್ಮ ನೌಕರಿ ಕೇಳಿದಳು. ಸಾಹೇಬರು ಅವಳ ವಯಸ್ಸು ನೋಡಿ ತಲೆ ಅಲ್ಲಾಡಿಸಿದರು.

ಅವಳು ಅಳಲಿಲ್ಲ. ದಾರಿ ಕೇಳುತ್ತಾ ಬ್ರಹ್ಮಪುರ ಓಣಿಯ ಅಣವೀರಪ್ಪನ ಮನೆಗೆ ನಡೆದಳು.

ಬಾಗಿಲು ತೆಗೆದವನ ತಲೆ ಅರ್ಧ ಬೆಳ್ಳಗಾಗಿತ್ತು. ಅವಳು ಕಾಗದ ಮುಂದೆ ಹಿಡಿದಳು. ಅವನು ಓದಿದ.

"ನೌಕರಿ?"

"ಮೂವತ್ತು ದಾಟಿದವರಿಗೆ ಇಲ್ಲಂತ್ರಿ. ನನಗ ಮೂವತ್ತೈದು."

ಅವನು ಹೊಸ್ತಿಲ ಮೇಲೆ ಕೂತ.

"ಎಲ್ಲಾ ನನ್ನಿಂದ. ಆವತ್ತ ಎರಡು ಸಾಲು ಬರೀದೇ ಬಿಟ್ಟಿದ್ರ..."

"ಬರದದ್ದು ಖರೇನೇ ಇತ್ತು. ಅದರ ಸಿಟ್ಟು ಇಳದು ಭಾಳ ದಿನ ಆಯ್ತು. ಲಗ್ನದ ಮಾತು ಕಾಯದಾ ಓದಿದಂಗ ಓದಿದ್ರಲ್ಲ, ಅದು ಇಳದಿಲ್ಲ."

"ಬಾಳಿತೋಟದಾಗ ನೋಡಿದಾಗಿಂದ ನನ್ನ ಮನಸು ನಿಮ್ಮ ಕಡೀನೇ ಅದರಿ. ಹಂಗ ಹೇಳಿದ್ರ ಹೊಡೀತೀರಿ ಅಂತ ಅಂಜಿದೆ. ಕಾಯದಾ ಹೇಳಿದ್ರ ಇಲ್ಲ ಅನ್ನಂಗಿಲ್ಲ ಅಂತ ತಿಳಕೊಂಡೆ."

ಈಗ ಅವಳಿಗೆ ಅಳು ತಡೆಯಲಾಗಲಿಲ್ಲ. ಮೊದಲು ಚಂದಮ್ಮನಿಗಾಗಿ ಅತ್ತಳು. ಆಮೇಲೆ ಈ ಇಬ್ಬರು ಮೂಢರಿಗಾಗಿ.

ಕಣ್ಣೊರೆಸಿಕೊಂಡು ಅಂದಳು, "ನನಗ ಈಗ ನಿಮ್ಮಿಂದ ಆಗಬೇಕಾದ ಕೆಲಸ ಏನೂ ಇಲ್ಲ. ಕಾಗದ ನನ್ನದೇ ಅದ. ನೌಕರಿ ಸಿಗಂಗಿಲ್ಲ. ಸುಮ್ನ ಬಂದೀನಿ."

ಅವನು ಎದ್ದು ನಿಂತ. "ಸುಮ್ನ ಬಂದವರು... ಹೋಗ್ತೀರೇನು?"

"ಇಲ್ಲ. ಇರಲಾಕ ಬಂದೀನಿ. ಒಳಗ ಕರೀರಿ."